ಶಿವಲೀಲಾಳ ಮೊದಲ ತಕರಾರು

ನಾವಿದ್ದ ಊರಿನಲ್ಲಿ ನಲ್ಲಿ ಕೆಟ್ಟರೆ ಪ್ಲಂಬರನನ್ನು ಕರೆಯುವ ಪದ್ಧತಿ ಇರಲಿಲ್ಲ. ಬೆಳಿಗ್ಗೆ ತಿಂಡಿಯಾದ ಮೇಲೆ ನಲ್ಲಿಯ ಪಕ್ಕದ ಗೋಡೆಗೆ ಅಂಗೈ ಊರಿ ನಿಂತು, ಆ ನಲ್ಲಿಯಿಂದ ನಮಗಾದ ತ್ರಾಸವನ್ನು ಬಾಯಿಬಿಟ್ಟು ಹೇಳಬೇಕು. ಮಾತು ಮನಸ್ಸಿನಿಂದ ಬಂದಿದ್ದರೆ ಗೋಡೆ ನಿಧಾನಕ್ಕೆ ಬೆಚ್ಚಗಾಗುತ್ತಿತ್ತು, ಆಗಷ್ಟೆ ಚಹಾ ಕುಡಿದಿಟ್ಟ ಲೋಟದ ಹಾಗೆ. ಊಟ ಮುಗಿಸಿ ಊರೆಲ್ಲ ಒಂದು ನಿದ್ದೆ ತೆಗೆದು ಏಳುವ ಹೊತ್ತಿಗೆ ನಲ್ಲಿ ಸರಿಯಾಗಿರುತ್ತಿತ್ತು. ಯಾರು ಸರಿ ಮಾಡಿದರು ಎಂದು ಕೇಳುವುದನ್ನು ಜನ ಯಾವತ್ತೋ ಬಿಟ್ಟಿದ್ದರು. ಎದ್ದು ಮುಖ ತೊಳೆದುಕೊಂಡು ಎರಡನೆಯ ಚಹಾಕ್ಕೆ ಹೋಗುತ್ತಿದ್ದರು, ಅಷ್ಟೇ.

ಊರು ನೀರಿನ ಮೇಲಿತ್ತು. ಹಡಗು ಎನ್ನಬೇಕಾದದ್ದೇ, ಬಣ್ಣದ ಪುಸ್ತಿಕೆಯಲ್ಲೂ ಹಾಗೇ ಅಚ್ಚಾಗಿತ್ತು: ಏಳು ರಾತ್ರಿ, ಎಂಟು ಹಗಲಿನ ವಿಹಾರ. ಐದನೆಯ ರಾತ್ರಿಯವರೆಗೆ ಎಣಿಸಿದ ನೆನಪು ಎಲ್ಲರಿಗೂ ಇತ್ತು. ಅದಾದ ಮೇಲೆ ಅಡುಗೆಮನೆಯವರು ನಿಂಬೆಕಾಯಿ ಉಪ್ಪಿನಕಾಯಿ ನಾಲ್ಕು ಸಲ ಹಾಕಿದ್ದರು, ಎದುರುಕೋಣೆಯ ಮಗುವಿಗೆ ಹಲ್ಲು ಬಂದು, ಬಿದ್ದು, ಮತ್ತೆ ಬಂದಿದ್ದವು. ಆದರೂ ಯಾರಾದರೂ ಕೇಳಿದರೆ ನಾವೆಲ್ಲ ಪ್ರಯಾಣಿಕರೇ. ಕೋಣೆಗಳ ನಡುವಿನ ದಾರಿಗೆ ಓಣಿ ಎನ್ನುತ್ತಿದ್ದೆವು, ಮೇಲಿನ ಡೆಕ್ಕಿಗೆ ಮಾಳಿಗೆ ಎನ್ನುತ್ತಿದ್ದೆವು. ಕ್ಯಾಪ್ಟನ್ ಎಂಬವರನ್ನು ಪುಸ್ತಿಕೆಯ ಮೂರನೆಯ ಪುಟದಲ್ಲಿ ನೋಡಿದ್ದೆವು. ಬಿಳಿ ಟೋಪಿ ಹಾಕಿಕೊಂಡು ಚೆನ್ನಾಗಿ ನಗುತ್ತಿದ್ದರು.

ಹತ್ತಿದ ದಿನ ನಮಗಾದ ನಿರಾಸೆ ಅಷ್ಟಿಷ್ಟಲ್ಲ. ಪುಸ್ತಿಕೆಯಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಈಜುಕೊಳದಲ್ಲಿ ನೀರೇ ಇರಲಿಲ್ಲ, ತಳದಲ್ಲಿ ಪಾಚಿ ಹಿಡಿದಿತ್ತು. ಲಿಫ್ಟು ನಾಲ್ಕನೆಯ ಮಹಡಿಗೂ ಐದನೆಯದಕ್ಕೂ ನಡುವೆ ನಿಂತುಬಿಟ್ಟಿತ್ತು. ನಲ್ಲಿ ತಿರುಗಿಸಿದರೆ ಸಾರಿನ ಬಣ್ಣದ ನೀರು, ಹಾಸಿಗೆಯ ಮೇಲೆ ಕೂತರೆ ಸ್ಪ್ರಿಂಗು ತೊಡೆಗೆ ಚುಚ್ಚುವುದು. ಕಬ್ಬಿಣದ ಕಂಬಗಳಿಂದ ತುಕ್ಕು ಹಪ್ಪಳದಂತೆ ಎದ್ದು ಬರುತ್ತಿತ್ತು. ಬೇರೆಯವರು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಕೂರಲಿಲ್ಲ. ನಾನು ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಮೂವತ್ತೊಂದು ವರ್ಷ ತಕ್ಕಡಿಗಳ ಮುಖ ನೋಡಿ ಕೊರತೆ ಕಂಡುಹಿಡಿದವನಿಗೆ ಆ ಹಡಗು ಹಬ್ಬದೂಟದಂತಿತ್ತು.

ಮೊದಲ ದಿನವೇ ಸಿಟ್ಟಿನ ಭರದಲ್ಲಿ ಗೋಡೆಗೆ ಕೈ ಊರಿ ಸ್ಪ್ರಿಂಗಿನ ಬಗ್ಗೆ ಬೈದೆ. ಗೋಡೆ ಬೆಚ್ಚಗಾಯಿತು. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಹಾಸಿಗೆ ಹತ್ತಿಯಂತಾಗಿತ್ತು. ಅಲ್ಲಿಂದ ಶುರುವಾದದ್ದು ನೋಡಿ. ಕೆಲವೇ ದಿನದಲ್ಲಿ ನಾನು ಊರಿಗೆಲ್ಲ ತಕರಾರಿನ ಮಹಾರುದ್ರಪ್ಪನೆಂದು ಹೆಸರಾದೆ. ಜನ ನನ್ನ ಹತ್ತಿರ ಪಾಠಕ್ಕೆ ಬರುತ್ತಿದ್ದರು. ಮಾಳಿಗೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ನಾನು ನಿಯಮ ಹೇಳುತ್ತಿದ್ದೆ. ನಮ್ಮ ತ್ರಾಸವನ್ನು ನಮ್ಮ ಬಾಯಿಂದಲೇ ಹೇಳಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದರೆ ಆಗದು. ಸುಳ್ಳು ಹೇಳಬಾರದು. ಮನುಷ್ಯರ ಬಗ್ಗೆ ತಕರಾರು ಹೇಳಿದರೆ ಗೋಡೆ ಕೇಳುವುದಿಲ್ಲ, ತಣ್ಣಗೇ ಇರುತ್ತದೆ. ಒಬ್ಬಾತ ತನ್ನ ಅತ್ತೆಯ ಬಗ್ಗೆ ಮೂರು ದಿನ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದ. ಈಜುಕೊಳಕ್ಕೆ ನೀರು ಬಂದದ್ದು ನನ್ನ ಶಿಷ್ಯರಿಂದ, ಲಿಫ್ಟು ಇಳಿದದ್ದು ನನ್ನಿಂದ. ಆ ಊರಿನಲ್ಲಿ ಯಾರೂ ತಕರಾರು ಹೇಳದ ವಸ್ತು ಒಂದೂ ಉಳಿದಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ನನ್ನ ಹೆಂಡತಿ ಶಿವಲೀಲಾ ಆ ಪಾಠಗಳಿಗೆ ಬರುತ್ತಿದ್ದಳು, ಆದರೆ ಕಲಿಯಲಿಕ್ಕಲ್ಲ. ಪಕ್ಕದಲ್ಲಿ ಕೂತು ಅಡುಗೆಮನೆಯವರಿಗಾಗಿ ಬಟಾಣಿ ಸುಲಿಯುತ್ತಿದ್ದಳು. ಯಾವಾಗಲೂ ನೀರಿಗೆ ಬೆನ್ನು ಮಾಡಿಯೇ ಕೂರುವಳು. ಬೆನ್ನಿಗೆ ಬಿಸಿಲು ಹಿತವೆನಿಸುತ್ತದೆಂದು ನಾನು ತಿಳಿದಿದ್ದೆ. ಆಕೆಯ ಬಾಯಲ್ಲಿ ಒಂದೇ ಮಾತು: "ಇರಲಿ ಬಿಡ್ರಿ." ಅನ್ನ ಮುದ್ದೆಯಾದರೂ ಇರಲಿ ಬಿಡ್ರಿ, ಚಪ್ಪಲಿಯ ಅಂಗುಟ ಕಿತ್ತರೂ ಇರಲಿ ಬಿಡ್ರಿ. ನಾನು ಶಿಷ್ಯರ ಮುಂದೆ ಆಕೆಯನ್ನು ತೋರಿಸಿ ನಗುತ್ತಿದ್ದೆ. "ಮನ್ಯಾಗ ಗುರು ಇದ್ರೂ ಈಕಿಗೆ ಒಂದಕ್ಷರ ಹತ್ತಲಿಲ್ಲ ನೋಡ್ರಪಾ," ಎನ್ನುತ್ತಿದ್ದೆ. ಆಕೆಯೂ ನಗುತ್ತಿದ್ದಳು. ಬಟಾಣಿ ಸಿಪ್ಪೆಯನ್ನು ಒಟ್ಟುಮಾಡಿ ಸೆರಗಿಗೆ ಹಾಕಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ತಿಂಡಿಯ ಸಾಲಿನಲ್ಲಿ ಆಕೆ ಕೆಮ್ಮಿದಳು. ಸಣ್ಣ ಕೆಮ್ಮೇ, ಆದರೆ ಸಾಲು ಹಿಂದಕ್ಕೂ ಮುಂದಕ್ಕೂ ಸರಿದು ಆಕೆಯ ಸುತ್ತ ಒಂದು ಮಂಚ ಹಾಕುವಷ್ಟು ಜಾಗ ಖಾಲಿಯಾಯಿತು. ನಮ್ಮೂರಿನಲ್ಲಿ ಕೆಮ್ಮಿಗೆ ಅಷ್ಟು ಅಂಜುತ್ತಿದ್ದರು. ಕೆಮ್ಮಿನ ಜೊತೆ ಜ್ವರವೂ ಇದ್ದರೆ ಎಲ್ಲಕ್ಕಿಂತ ಕೆಳಗಿನ ಕೆಮ್ಮಿನ ಓಣಿಗೆ ಹೋಗಬೇಕು. ಅಲ್ಲಿ ಒಬ್ಬರಿಗೊಂದು ಕೋಣೆ, ಹೊರಗಿನಿಂದ ಚಿಲಕ. ಜ್ವರ ಬಿಟ್ಟು ಮೂರು ದಿನವಾಗುವವರೆಗೆ ಬಾಗಿಲು ತೆರೆಯುವುದಿಲ್ಲ. ಬಾಗಿಲಿಗೆ ತಟ್ಟೆ ತೂರುವಷ್ಟು ಕಿಂಡಿ ಇತ್ತು, ಅದಕ್ಕೊಂದು ಮುಚ್ಚಳ. ಅದೇ ಜ್ವರ ಒಮ್ಮೆ ಬಂದು ಹೋದವರು ಮಾತ್ರ ಒಳಗೆ ಕಾಲಿಡಬಹುದು.

ಆ ಓಣಿಯನ್ನು ನೋಡಿಕೊಳ್ಳುತ್ತಿದ್ದವರು ಜುಲಿಯಾನಾ ಬಾಯಿ, ಕರಾವಳಿಯ ಕಡೆಯ ದಪ್ಪನೆಯ ಹೆಂಗಸು. ಬಂದವರೇ ಶಿವಲೀಲಾಳ ಹಣೆ ಮುಟ್ಟಿ, "ಎಂತ ಮಾರಾಯ್ತಿ, ಇದು ನಿನ್ನೆ ಮೊನ್ನೆಯ ಜ್ವರ ಅಲ್ಲ ಅಲ್ವಾ?" ಎಂದರು.

"ಎಂಟ್ಹತ್ತ್ ದಿನ ಆತ್ರೀ," ಎಂದಳು ಶಿವಲೀಲಾ, ತಪ್ಪು ಮಾಡಿದವಳಂತೆ.

"ಹೇಳಬಾರದಿತ್ತೇನ?" ಎಂದು ನಾನು ಗದರಿದೆ. "ನಾ ಬಾಜೂಕ ಮಲಗಿರತೀನಿ, ಒಂದ್ ದಿನಾನೂ ಕೆಮ್ಮಿದ್ದು ಕೇಳಿಲ್ಲ!"

"ದಿಂಬಿಗೆ ಬಾಯಿ ಒತ್ತಿ ಕೆಮ್ಮತಿದ್ನಿರಿ. ನಿಮ್ಮ ನಿದ್ದಿ ಕೆಡಬಾರದಂತ."

ಆಕೆಯನ್ನು ಕರೆದೊಯ್ದ ಮೇಲೆ ಎರಡು ಸೀರೆ, ಒಂದು ಶಾಲು ಕಟ್ಟಿಕೊಡಲೆಂದು ನಾನು ಕೋಣೆಗೆ ಬಂದೆ. ಆಕೆಯ ಕಡೆಯ ಮಂಚದ ಹತ್ತಿರ ನಾನು ಎಂದೂ ಹೋದವನಲ್ಲ. ನನ್ನ ಮಂಚ ಬಾಗಿಲ ಪಕ್ಕ, ನನ್ನ ಕಪಾಟು ಬಾಗಿಲ ಪಕ್ಕ. ಆಕೆಯ ಕಪಾಟಿನ ಬಾಗಿಲು ಎಳೆದೆ, ಬರಲಿಲ್ಲ. ಜೋರಾಗಿ ಎಳೆದರೆ ಹಿಡಿಕೆಯೇ ತುಕ್ಕುಪುಡಿಯೊಂದಿಗೆ ಕೈಗೆ ಬಂತು. ಸೀರೆಗಳು ಕಪಾಟಿನಲ್ಲಿರಲಿಲ್ಲ, ಮಂಚದ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿದ್ದವು. ಹಾಸಿಗೆಗೆ ಕೈ ಇಟ್ಟರೆ ತಂಪು. ಒತ್ತಿದರೆ ನೀರು ಬರುವಷ್ಟು ತೇವ. ಮೊದಲ ದಿನ ನನ್ನ ತೊಡೆಗೆ ಚುಚ್ಚಿದಂಥದೇ ಸ್ಪ್ರಿಂಗು ಅಲ್ಲಿ ಮೇಲೆದ್ದಿತ್ತು, ಅದರ ಮೇಲೆ ಹಳೆಯ ಟವೆಲ್ಲು ಮಡಚಿ ಇಟ್ಟಿದ್ದಳು. ಗೋಡೆಯಲ್ಲಿ ಕಪ್ಪು ಬೂಷ್ಟು ದಿಂಬಿನ ಎತ್ತರಕ್ಕೆ ಹಬ್ಬಿತ್ತು. ಆಕೆಯ ಕಡೆಯ ದುಂಡು ಕಿಟಕಿ ಹಾಲು ಹೊಯ್ದಂತೆ ಮಬ್ಬಾಗಿ ಹೊರಗಿನದೇನೂ ಕಾಣುತ್ತಿರಲಿಲ್ಲ.

ಕೋಣೆಯ ಪ್ರತಿಯೊಂದು ವಸ್ತುವಿನ ಬಗ್ಗೆಯೂ ನಾನು ತಕರಾರು ಹೇಳಿದ್ದೆ. "ನಮ್ಮ ಕೋಣೆ" ಎಂದೇ ಹೇಳಿದ್ದೆ, "ನಮ್ಮ ಹಾಸಿಗೆ, ನಮ್ಮ ಗೋಡೆ" ಎಂದೇ ಹೇಳಿದ್ದೆ. ಎದ್ದು ನೋಡಿದಾಗ ನನ್ನ ಕಡೆ ಹೊಳೆಯುತ್ತಿತ್ತು, ಆಯಿತು ಎಂದುಕೊಂಡಿದ್ದೆ. ಒಬ್ಬರ ಪರವಾಗಿ ಇನ್ನೊಬ್ಬರು ಹೇಳಿದರೆ ಆಗದು ಎಂದು ಇಡೀ ಊರಿಗೆ ಪಾಠ ಹೇಳಿದ ನನಗೆ, ಹೆಂಡತಿ ಆ ಇನ್ನೊಬ್ಬರಲ್ಲಿ ಸೇರುತ್ತಾಳೆಂದು ಹೊಳೆದಿರಲೇ ಇಲ್ಲ. ನನ್ನ ಹಿತ್ತಾಳೆಯ ಹಿಡಿಕೆಗಳು, ನನ್ನ ಇಸ್ತ್ರಿ ಮಾಡಿದಂತಹ ಪರದೆ, ನನ್ನ ಕನ್ನಡಿಯಂಥ ಕಿಟಕಿ ನೋಡಿ ನನಗೆ ನಾಚಿಕೆಯಾಯಿತು. ಶಾಲು ಹಿಡಿದುಕೊಂಡು ಆ ತಂಪು ಹಾಸಿಗೆಯ ಮೇಲೆ ಬಹಳ ಹೊತ್ತು ಕೂತೆ.

ಕೆಮ್ಮಿನ ಓಣಿಯಲ್ಲಿ ಹದಿನಾರು ಕೋಣೆ, ಎಲ್ಲವೂ ತುಂಬಿದ್ದವು. ಶಿವಲೀಲಾಳಿಗೆ ಸಿಕ್ಕಿದ್ದು ಕೊನೆಯದು. ಕಿಂಡಿಯಿಂದ ಬಗ್ಗಿ ನೋಡಿದೆ. ಮಂಚ, ಒಂದು ಸ್ಟೂಲು, ಮೂಲೆಯಲ್ಲಿ ಬಕೆಟ್ಟು, ಹೊರಗೋಡೆಯಲ್ಲಿ ಇಲ್ಲೂ ಒಂದು ದುಂಡು ಕಿಟಕಿ. ಹೊರಗೋಡೆಯ ಎರಡು ತಗಡುಗಳು ಕೂಡುವಲ್ಲಿ ಸಂದು ಬಿಟ್ಟಿತ್ತು, ಅದರಿಂದ ಸಮುದ್ರ ಸಣ್ಣಗೆ ಒಳಗೆ ಇಳಿಯುತ್ತಿತ್ತು. ನೆಲದ ಮೇಲೆ ಅಂಗಾಲು ತೋಯುವಷ್ಟು ನೀರು ನಿಂತಿತ್ತು. ಮಂಚದ ಮೇಲೆ ಕಾಲು ಮಡಚಿ ಕೂತಿದ್ದ ನನ್ನ ಹೆಂಡತಿ ನನ್ನ ಕಣ್ಣು ಕಂಡು ಸೆರಗು ಸರಿಮಾಡಿಕೊಂಡಳು.

"ಊಟ ಆತೇನ್ರೀ?" ಎಂದಳು.

ಜುಲಿಯಾನಾ ಬಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ, ನಾನು ಬೆಳಿಗ್ಗೆ ಇಪ್ಪತ್ತು ಬಕೆಟ್ ತೆಗೆದು ಚೆಲ್ಲಿದೆ. ಮತ್ತೆ ಬಂತು. ಒದ್ದೆ ಕೋಣೆಯಲ್ಲಿ ಈ ಜ್ವರ ಇಳಿಯುವುದಿಲ್ಲ, ಎದೆಗೆ ಹೋಗ್ತದೆ. ಎದೆಗೆ ಹೋದವರನ್ನು ನಾನು ನೋಡಿದ್ದೇನೆ." ಅವರು ಶಿಲುಬೆ ಗುರುತು ಮಾಡಿಕೊಂಡರು. "ಬೇರೆ ಕೋಣೆ ಖಾಲಿ ಇಲ್ಲ. ನಿಮ್ಮವರು ಗೋಡೆ ಮುಟ್ಟಿ ಎರಡು ಮಾತು ಹೇಳಿದ್ರೆ ಸಾಕು, ಮಧ್ಯಾಹ್ನಕ್ಕೆ ಸರಿ ಆಗ್ತದೆ. ಎಷ್ಟು ಹೇಳಿದೆ. ಇರಲಿ ಬಿಡಿ ಅಂತಾರೆ. ಇದೆಂತ ಜನ ಮಾರಾಯ್ರೆ?"

ನಾನು ಸುಮ್ಮನಿರುವವನಲ್ಲ. ಓಣಿಯ ಗೋಡೆಗೆ ಎರಡೂ ಕೈ ಊರಿ ತಕರಾರು ಹೇಳಿದೆ. ಅಂಥ ತಕರಾರನ್ನು ನಾನು ಜೀವಮಾನದಲ್ಲಿ ಹೇಳಿರಲಿಲ್ಲ. ಹೇಳುತ್ತ ಹೇಳುತ್ತ ಅತ್ತೆ. ಗೋಡೆ ಬೆಚ್ಚಗಾಯಿತು. ಓಡಿಹೋಗಿ ಮಲಗಿದೆ, ನಿದ್ದೆ ಬರಲಿಲ್ಲ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಾದೆ. ಎದ್ದು ನೋಡಿದರೆ ನನ್ನ ಕೋಣೆಯ ಹಿತ್ತಾಳೆ ಹಿಡಿಕೆಗಳು ಬಂಗಾರದಂತೆ ಹೊಳೆಯುತ್ತಿದ್ದವು. ನನ್ನ ದಿಂಬು ಎರಡಾಗಿತ್ತು. ಕೆಳಗೆ ಹೋದರೆ ಹದಿನಾರನೆಯ ಕೋಣೆಯಲ್ಲಿ ನೀರು ಒಂದು ಗೇಣಾಗಿತ್ತು.

ಮರುದಿನ ನಾನೂ ಕೆಮ್ಮಿದೆ. ಜುಲಿಯಾನಾ ಬಾಯಿಯ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ಕೆಮ್ಮಿದೆ, ನನ್ನನ್ನೂ ಅದೇ ಕೋಣೆಗೆ ಹಾಕಿ ಎಂದೆ. ಅವರು ಹಣೆಯನ್ನೂ ಮುಟ್ಟಲಿಲ್ಲ. "ಇದು ನಾಟಕದ ಕೆಮ್ಮು. ಹೋಗಿ, ಹೋಗಿ, ಅವರಿಗೆ ಹೇಳಿಕೊಡಿ. ದೊಡ್ಡ ಮೇಷ್ಟ್ರಲ್ವಾ ನೀವು?" ಎಂದರು.

ಹಾಗೆ ಕಿಂಡಿಯ ಹೊರಗೆ ನನ್ನ ಪಾಠ ಶುರುವಾಯಿತು. "ಲೀಲಾ, ಗ್ವಾಡಿಗೆ ಕೈ ಹಚ್ಚು. ಹಚ್ಚಿದೆ? ಈಗ ಹೇಳು. ಈ ನೀರು ನನಗ ಬ್ಯಾಡ."

"ಈ ನೀರು ನನಗ ಬ್ಯಾಡ," ಎಂದಳು, ಶಾಲೆಯ ಹುಡುಗಿ ಮಗ್ಗಿ ಒಪ್ಪಿಸುವ ಧ್ವನಿಯಲ್ಲಿ.

"ಬೆಚ್ಚಗಾತೇನು?"

"ಇಲ್ರೀ. ತಣ್ಣಗ ಐತಿ."

"ಮನಸಿನಿಂದ ಅನ್ನು! ಸಿಟ್ಟಿನಿಂದ ಅನ್ನು! ಕಾಲು ತೋಯ್ದು ಎಷ್ಟು ತ್ರಾಸ ಆಗೇತಿ, ಅದನ್ನ ನೆನಸ್ಕೊ!"

"ನೀರಿನ ಮ್ಯಾಲ ಯಾಕ್ರೀ ಸಿಟ್ಟು? ಅದಕ್ಕೇನ್ ಗೊತ್ತು, ಪಾಪ. ಸಂದ್ ಸಿಕ್ತು, ಬಂತು."

ನಾನು ಹಣೆ ಚಚ್ಚಿಕೊಂಡೆ. ಮಾಳಿಗೆಯ ಮೇಲೆ ಕಲಿಸಿದ್ದನ್ನೆಲ್ಲ ಕಿಂಡಿಯೊಳಗೆ ತುರುಕಿದೆ. ಎಲ್ಲಿಂದ ಶುರುಮಾಡಬೇಕು, ಎಲ್ಲಿ ಧ್ವನಿ ಏರಿಸಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು. ಆಕೆ ಪ್ರತಿಯೊಂದಕ್ಕೂ ಹೂಂ ಎಂದಳು, ಹೇಳಿಕೊಟ್ಟ ಮಾತನ್ನು ಹೇಳಿಕೊಟ್ಟಂತೆ ಅಂದಳು, ನಡುನಡುವೆ ಕೆಮ್ಮಿದಳು. ಗೋಡೆ ಬೆಚ್ಚಗಾಗಲಿಲ್ಲ. ಮೂರು ದಿನ ಹೀಗೇ ಹೋಯಿತು. ಜುಲಿಯಾನಾ ಬಾಯಿ ಬೆಳಿಗ್ಗೆ ಎತ್ತಿ ಚೆಲ್ಲಿದ್ದಕ್ಕಿಂತ ಹೆಚ್ಚು ನೀರು ಸಂಜೆಗೆ ಬರುತ್ತಿತ್ತು. ಸ್ಟೂಲಿನ ಕಾಲುಗಳು ಅರ್ಧ ಮುಳುಗಿದವು. ಮಂಚದ ಕೆಳಗೆ ಆಕೆಯ ಚಪ್ಪಲಿಗಳು ಎರಡು ಪುಟ್ಟ ದೋಣಿಗಳಂತೆ ತೇಲುತ್ತ ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಆಕೆಯ ಕೆಮ್ಮಿನ ಸದ್ದು ಬದಲಾಗಿತ್ತು, ಈಗ ಅದು ಬಹಳ ಕೆಳಗಿನಿಂದ ಬರುತ್ತಿತ್ತು.

"ಯಾಕ್ ಅನ್ನಾಕ ಆಗವಲ್ದು ನಿನಗ?" ಎಂದು ನಾನು ಕೊನೆಗೆ ಕಿರುಚಿದೆ. "ಇಡೀ ಊರು ಅಂತೈತಿ!"

ಒಳಗಿನಿಂದ ಉತ್ತರ ಬಂತು. "ರೂಢಿ ಇಲ್ರೀ. ಹೇಳೂದಂದ್ರ ಕೇಳೋರ್ ಬೇಕಲ್ಲ. ನಾ ಬಾಯಿ ತಗದಾಗೊಮ್ಮಿ ನೀವು ಅದೇನ್ ದೊಡ್ಡ ವಿಷಯ ಅಂತಿದ್ರಿ. ಆಮ್ಯಾಲ ನನಗೂ ಯಾವುದೂ ದೊಡ್ಡ ವಿಷಯ ಅನಸವಲ್ದಾತು."

ನಾನು ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಗಂಜಿಯ ಪಾತ್ರೆ ಹಿಡಿದು ಬಂದ ಜುಲಿಯಾನಾ ಬಾಯಿ ತಮ್ಮ ಸೌಟನ್ನು ನನ್ನ ಬಾಯಿಗೆ ಅಡ್ಡ ಹಿಡಿದರು. "ನೀವು ಒಂದು ದಿನ ಬಾಯಿ ಮುಚ್ಚಿ ಕೂತುಕೊಳ್ಳಿ. ನಿಮ್ಮ ದಮ್ಮಯ್ಯ. ಅವರಿಗೆ ಮಾತಾಡ್ಲಿಕ್ಕೆ ಜಾಗ ಎಲ್ಲುಂಟು?" ಎಂದರು.

ಮರುದಿನ ಬೆಳಿಗ್ಗೆ ತಿಂಡಿ ಬಿಟ್ಟು ಕೆಳಗಿಳಿದೆ. ಕಿಂಡಿಯ ಮುಚ್ಚಳ ತೆರೆದಿಟ್ಟು, ಬಾಗಿಲಿಗೆ ಅಂಗೈ ಊರಿ, ಓಣಿಯ ನೆಲದ ಮೇಲೆ ಕೂತೆ. ಬಾಯಿ ಬಿಡಲಿಲ್ಲ. ಸುಮ್ಮನಿರುವುದು ಅಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಮಾತು ಗಂಟಲಿಗೆ ಬಂದು ತುರಿಸುತ್ತಿತ್ತು. ದೂರದಲ್ಲಿ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಒಳಗೆ ನೀರು ಮಂಚದ ಕಾಲಿಗೆ ಮೆಲ್ಲಗೆ ಬಡಿಯುತ್ತಿತ್ತು. ಆ ಸದ್ದಿನಲ್ಲಿ ನನಗೆ ಅರೆಮಂಪರು ಹತ್ತಿದಂತಾಗಿ, ನಾನೂ ಬಾಗಿಲೂ ಒಂದೇ ಮರದಿಂದ ಮಾಡಿದವು ಎಂಬಂತೆ ಅನಿಸತೊಡಗಿತು.

"ಏನ್ರೀ, ಅದೀರೇನು?" ಎಂದಳು ಶಿವಲೀಲಾ.

ನಾನು ಬಾಗಿಲನ್ನು ಒಂದು ಸಲ ಬೆರಳಿನಿಂದ ಬಡಿದೆ.

"ಇವತ್ಯಾಕ ಪಾಠ ಇಲ್ಲ?"

ಮತ್ತೊಂದು ಸಲ ಬಡಿದೆ. ಆಕೆ ಕೆಮ್ಮಿದಳು. ಆಮೇಲೆ, ಯಾರೊಡನೆಯೋ ಬಾವಿಕಟ್ಟೆಯಲ್ಲಿ ಮಾತಾಡುವವಳಂತೆ, ಶುರುಮಾಡಿದಳು.

"ನೀವು ಚಹಾ ಕುಡಿದ ಕಪ್ಪನ್ನ ಕಿಡಕ್ಯಾಗ ಇಡ್ತೀರಿ. ಮೂವತ್ತ್ನಾಕ್ ವರ್ಷ ಆತು. ಇರಿವಿ ಬರ್ತಾವು." ಸ್ವಲ್ಪ ತಡೆದಳು, ನಾನು ಏನಾದರೂ ಅನ್ನುತ್ತೇನೋ ಎಂದು. ಅನ್ನಲಿಲ್ಲ. "ಮದಿವ್ಯಾದ ಮೂರನೇ ವರ್ಷ ನಾ ಹಾರ್ಮೋನಿಯಂ ಕಲೀತೀನಿ ಅಂದಿದ್ದೆ. ಮಾಸ್ತರ್ರು ಮನಿ ಬಾಜೂಕನ ಇದ್ರು. ನಿಮಗ ನೆನಪಿಲ್ಲ. ನೀವು ನಕ್ರಿ. ಬ್ಯಾಡ ಅಂದಿದ್ರ ನಡೀತಿತ್ರೀ. ನಕ್ರಿ." ಮತ್ತೆ ಕೆಮ್ಮು. "ನಮ್ಮವ್ವ ಸತ್ತಾಗ ನೀವು ತಿಥಿ ಊಟದಾಗ ಉಪ್ಪು ಕಡಿಮಿ ಆತು ಅಂತ ಎಲ್ಲಾರ ಮುಂದ ಅಂದ್ರಿ."

ನನ್ನ ಅಂಗೈ ಕೆಳಗೆ ಬಾಗಿಲು ತಣ್ಣಗೇ ಇತ್ತು. ಮನುಷ್ಯರ ಬಗ್ಗೆ ಹೇಳಿದರೆ ಗೋಡೆ ಕೇಳುವುದಿಲ್ಲವೆಂದು ನಾನೇ ಕಲಿಸಿದ್ದೆನಲ್ಲ. ಇದನ್ನು ಕೇಳಿಸಿಕೊಳ್ಳಬೇಕಾದವನು ನಾನೊಬ್ಬನೇ ಇದ್ದೆ. ಪ್ರತಿಯೊಂದು ಮಾತಿಗೂ ನನ್ನ ಹತ್ತಿರ ಒಂದು ಸಮಜಾಯಿಷಿ ಇತ್ತು. ಒಂದೊಂದನ್ನೂ ನುಂಗಿಕೊಂಡೆ. ಆಕೆ ಹೇಳುತ್ತಲೇ ಹೋದಳು. ಸಣ್ಣವು, ದೊಡ್ಡವು, ನನಗೆ ನೆನಪಿದ್ದವು, ನೆನಪೇ ಇಲ್ಲದವು. ಹೇಳುತ್ತ ಹೇಳುತ್ತ ಧ್ವನಿ ಬಿಡಿಸಿಕೊಂಡಿತು. ಜುಲಿಯಾನಾ ಬಾಯಿ ಗಂಜಿಯ ಪಾತ್ರೆ ಸೊಂಟಕ್ಕೆ ಇಟ್ಟುಕೊಂಡು ಅಲ್ಲಿಯೇ ನಿಂತುಬಿಟ್ಟಿದ್ದರು.

"ಒಂದಿನ ಸಂಜೀಕ ಬಣ್ಣದ ಪುಸ್ತಕ ತಂದು ನನ್ನ ಮುಂದ ಒಗದ್ರಿ. ಸಮುದ್ರದ ಮ್ಯಾಲ ಹೊಂಟೇವಿ, ಟಿಕೇಟು ಆಗೇತಿ ಅಂದ್ರಿ. ನನ್ನ ಕೇಳಿದ್ರೇನು? ನನಗ ಸಮುದ್ರ ಅಂದ್ರ ಅಂಜಿಕಿ ರೀ. ನಾಕ್ ವರ್ಷದಾಕಿ ಇದ್ದಾಗ ಕೆರಿಯಾಗ ಮುಳಿಗಿ ಎದ್ದಾಕಿ ನಾ. ಕೊಡ ತುಂಬೂ ಸಪ್ಪಳಕ್ಕ ಈಗೂ ನನ್ನ ಎದಿ ಬಡಕೊಂತೈತಿ. ಮಾಳಗಿ ಮ್ಯಾಲ ನೀರಿಗೆ ಬೆನ್ನ ಹಚ್ಚಿ ಕುಂದರತಿದ್ದೆ, ನೀವು ಯಾಕಂತ ಒಮ್ಮೆರ ಕೇಳಿದ್ರೇನು? ನನ್ನ ಕಿಡಕಿ ಮಬ್ಬಾತಲ್ಲ, ಅದೊಂದ ನನಗ ಸಮಾಧಾನ ಇತ್ತು. ಕಾಣೂದಿಲ್ಲಲ್ಲ ಅಂತ ಮಕ್ಕೊಂತಿದ್ದೆ. ಈಗ ನೋಡ್ರಿ, ಅದು ಒಳಗ ಬಂದೈತಿ. ನನ್ನ ಮಂಚದ ಬುಡಕ ಬಂದೈತಿ." ಆಕೆಯ ಅಂಗೈ ಗೋಡೆಗೆ ಪಟ್ಟನೆ ಬಡಿದ ಸದ್ದು ಕೇಳಿಸಿತು. "ನನಗ ಈ ನೀರು ಬ್ಯಾಡ! ಕ್ವಾಣ್ಯಾನ ನೀರೊಂದ ಅಲ್ಲ, ಹೊರಗಿನ ಇಷ್ಟೂ ನೀರು ಬ್ಯಾಡ! ಎಷ್ಟ್ ದಿನ ಆತು, ಏಳು ರಾತ್ರಿ ಅಂದಿದ್ರು. ನಾ ಇಳೀಬೇಕು. ನನಗ ನೆಲ ಬೇಕು. ಕಾಲಿಟ್ರ ಅಲಗಾಡಬಾರದು, ಅಂಥಾ ನೆಲ ಬೇಕು!"

ಬಾಗಿಲು ನನ್ನ ಕೈ ಸುಟ್ಟಿತು. ಹೌಹಾರಿ ಕೈ ಎಳೆದುಕೊಂಡೆ. ಓಣಿಯ ಉದ್ದಕ್ಕೂ ಗೋಡೆಗಳು ಬಿಸಿಯಾಗಿದ್ದವು. ಹದಿನಾರು ಕೋಣೆಗಳಲ್ಲಿ ಕೆಮ್ಮುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ಜುಲಿಯಾನಾ ಬಾಯಿಯ ಕೈಯಿಂದ ಗಂಜಿ ಪಾತ್ರೆ ಜಾರಿತು. ಆಮೇಲೆ ತಿಳಿದದ್ದು, ಅದೇ ಹೊತ್ತಿಗೆ ಮಾಳಿಗೆಯ ಮೇಲೆ ಅಂಚಿನ ಕಟಕಟೆ ಹಿಡಿದು ನಿಂತವರೆಲ್ಲ ಕೈ ಕೊಡವಿಕೊಂಡಿದ್ದರಂತೆ, ಈಜುಕೊಳದಿಂದ ಹಬೆ ಎದ್ದಿತ್ತಂತೆ.

ಆ ಮಧ್ಯಾಹ್ನ ನಾನು ಬಾಗಿಲಿಗೆ ಒರಗಿಯೇ ನಿದ್ದೆಹೋದೆ. ಊರೆಲ್ಲ ಎಂದಿಗಿಂತ ಗಾಢವಾಗಿ ಮಲಗಿತ್ತು. ಎಚ್ಚರವಾದಾಗ ಏನೋ ಇಲ್ಲವೆನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ತೂಗಾಟವಿರಲಿಲ್ಲ. ದೀಪ ಅಲುಗದೆ ನಿಂತಿತ್ತು. ಎದ್ದು ನಿಂತರೆ ಕಾಲು ತಡವರಿಸಿತು. ಅಲುಗದ ನೆಲದ ಮೇಲೆ ನಿಲ್ಲುವುದೇ ನನಗೆ ಮರೆತುಹೋಗಿತ್ತು. ಕಿಂಡಿಯಿಂದ ಬಗ್ಗಿ ನೋಡಿದೆ. ಕೋಣೆಯ ನೆಲ ಒಣಗಿ ಬೆಳ್ಳಗಾಗಿತ್ತು. ಗೋಡೆಯ ಸಂದು ಕೂಡಿಕೊಂಡಿತ್ತು. ದುಂಡು ಕಿಟಕಿಯ ಹೊರಗೆ ಕಂದು ಮಣ್ಣಿನ ಬಯಲು, ಜಾಲಿಗಿಡ, ಒಂದು ಮೇಕೆ. ಮೇಕೆ ಕಿಟಕಿಯ ಗಾಜಿಗೆ ಮೂಗು ಹಚ್ಚಿ ನನ್ನ ಹೆಂಡತಿಯನ್ನು ನೋಡುತ್ತಿತ್ತು, ನನ್ನ ಹೆಂಡತಿ ಮೇಕೆಯನ್ನು.

ನಾವು ಸಾವಿರಾರು ಜನ ಇದ್ದೆವು. ನಲ್ಲಿ, ದಿಂಬು, ಸಾಂಬಾರು, ದೀಪ, ಸಾಬೂನಿನ ವಾಸನೆ, ಯಾವುದನ್ನೂ ಬಿಟ್ಟಿರಲಿಲ್ಲ. ಇಳಿಯಬೇಕು ಎಂಬ ತಕರಾರನ್ನು ಮಾತ್ರ ಯಾರೂ ಹೇಳಿರಲಿಲ್ಲ. ಒಂದು ಸರಿಯಾಗುತ್ತಿದ್ದಂತೆ ಇನ್ನೊಂದು ಕೆಡುತ್ತಿತ್ತು, ಆ ಗಡಿಬಿಡಿಯಲ್ಲಿ ಅದು ನಮಗೆ ನೆನಪಾಗಿಯೇ ಇರಲಿಲ್ಲ.

ಸಂಜೆಗೆ ಶಿವಲೀಲಾಳ ಜ್ವರ ಬಿಟ್ಟಿತು. ಆದರೆ ಓಣಿಯ ಕಾನೂನು ಮೂರು ದಿನ. ಜುಲಿಯಾನಾ ಬಾಯಿ ಬಾಗಿಲು ತೆರೆಯಲೊಲ್ಲರು. ಎರಡು ದಿನ ನಾನು ಕಿಂಡಿಯ ಹೊರಗೆ ಕೂತಿದ್ದೆ. ಆಕೆ ಹೇಳುವುದು ಇನ್ನೂ ಉಳಿದಿತ್ತು, ಹೇಳಿದಳು. ಮೇಲೆ ಜನ ಏಣಿ ಇಳಿದು ಬಯಲಿನಲ್ಲಿ ಒಂದು ಸುತ್ತು ಹಾಕಿ, ಚಪ್ಪಲಿಗೆ ಮುಳ್ಳು ಚುಚ್ಚಿಸಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಮರಳಿ ಹತ್ತುತ್ತಿದ್ದರು. ಅಲ್ಲಿ ನಲ್ಲಿ ಇರಲಿಲ್ಲ. ಕೈ ಊರಲು ಗೋಡೆ ಇರಲಿಲ್ಲ. ಮೂರನೆಯ ಬೆಳಿಗ್ಗೆ ತಿಂಡಿಯಾದ ಮೇಲೆ ನನ್ನ ಶಿಷ್ಯರೇ ಮಾಳಿಗೆಯಲ್ಲಿ ಸಾಲಾಗಿ ನಿಂತರಂತೆ. ಧೂಳು, ನೊಣ, ತೂಗಾಟವಿಲ್ಲದೆ ನಿದ್ದೆ ಬರುತ್ತಿಲ್ಲ, ನಮಗೆ ನಮ್ಮ ಸಮುದ್ರ ಬೇಕು. ನಾನು ಕಲಿಸಿದಂತೆಯೇ, ಎಲ್ಲಿ ಧ್ವನಿ ಏರಿಸಬೇಕೋ ಅಲ್ಲಿ ಏರಿಸಿ ಹೇಳಿದರಂತೆ. ಕೆಮ್ಮಿನ ಓಣಿಯ ಗೋಡೆ ನನ್ನ ಬೆನ್ನಿಗೆ ಬೆಚ್ಚಗಾಗತೊಡಗಿತು.

ಮಧ್ಯಾಹ್ನದ ನಿದ್ದೆಗೆ ಮೊದಲು ಇಳಿಯದಿದ್ದರೆ ಮತ್ತೆ ನೀರು. ನಾನು ಜುಲಿಯಾನಾ ಬಾಯಿಯ ಮುಖ ನೋಡಿದೆ. ಬಾಯಿಗೆ ಬಂದ ನೂರು ವಾದಗಳಲ್ಲಿ ಒಂದನ್ನೂ ಹೇಳಲಿಲ್ಲ, ಕೈ ಮುಗಿದೆ. ಅವರು ಗೋಡೆ ಮುಟ್ಟಿ ನೋಡಿದರು. ಒಳಗೆ ಹೋಗಿ ಆಕೆಯ ಹಣೆ, ಕತ್ತು, ಅಂಗೈ ಮುಟ್ಟಿ ನೋಡಿದರು.

"ಎರಡೂವರೆ ದಿನವೂ ಮೂರೇ ಅಂತ ಇಟ್ಟುಕೊಳ್ಳುವ," ಎಂದು ಚಿಲಕ ಬಿಟ್ಟರು. "ಬೇಗ ಹೋಗಿ. ನಾನು ಬರ್ಲಿಕ್ಕೆ ಆಗುದಿಲ್ಲ, ನನ್ನವರು ಹದಿನೈದು ಮಂದಿ ಇದ್ದಾರೆ."

ಒಂದು ಚೀಲ, ಒಂದು ಶಾಲು. ಮೇಲಿನ ಕೋಣೆಗೆ ನಾನು ಹೋಗಲಿಲ್ಲ. ಏಣಿಯ ಕೊನೆಯ ಮೆಟ್ಟಿಲಲ್ಲಿ ಶಿವಲೀಲಾ ನಿಂತಳು, ಬಲಗಾಲಿನಿಂದ ನೆಲವನ್ನು ಒತ್ತಿ ನೋಡಿದಳು, ಇಳಿದಳು. ಜಾಲಿಯ ತೆಳು ನೆರಳಿನಲ್ಲಿ ಇಬ್ಬರೂ ಒರಗಿದೆವು. ರೂಢಿಯ ಹೊತ್ತಿಗೆ ರೂಢಿಯ ನಿದ್ದೆ ಬಂತು. ಎದ್ದಾಗ ಊರು ಇರಲಿಲ್ಲ. ಅದು ಮಲಗಿದ್ದ ಜಾಗದಲ್ಲಿ ಉದ್ದಕ್ಕೆ ಒಂದು ತಗ್ಗು ಇತ್ತು. ಅದರೊಳಗೆ ಸ್ವಲ್ಪ ಉಪ್ಪುನೀರು ನಿಂತಿತ್ತು, ಮೇಕೆ ಅದನ್ನು ಮೂಸಿ ನೋಡಿ ಹಿಂದೆ ಸರಿಯಿತು.

ಮೇಕೆ ಇದ್ದಮೇಲೆ ಮನೆಗಳೂ ಇರಬೇಕೆಂದು ಅದರ ಹಿಂದೆ ನಡೆದೆವು. ಶಿವಲೀಲಾ ಮುಂದೆ, ನಾನು ಹಿಂದೆ. ಸ್ವಲ್ಪ ದೂರ ಹೋಗಿ ಆಕೆ ಒಮ್ಮೆಲೇ ನಿಂತಳು. ಇರಲಿ ಬಿಡ್ರಿ ಎನ್ನಲು ತೆರೆದ ಬಾಯಿ ಹಾಗೇ ನಿಂತಿತು. ಆಮೇಲೆ ಬೇರೆ ಮಾತು ಬಂತು.

"ಚಪ್ಪಲ್ಯಾಗ ಹಳ್ಳು ಸಿಕ್ಕೈತ್ರೀ. ಚುಚ್ಚಾಕ ಹತ್ತೈತಿ."

ಸುತ್ತ ಬಯಲು. ನಾನು ಮೊಣಕಾಲೂರಿ ಕೂತು ಆಕೆಯ ಪಾದ ಎತ್ತಿ ಹಿಡಿದೆ. ಚಪ್ಪಲಿ ಕಳಚಿ ಕೊಡವಿದೆ. ಆಕೆ ಬೀಳದಿರಲೆಂದು ನನ್ನ ಹೆಗಲ ಮೇಲೆ ಅಂಗೈ ಊರಿದಳು. ಕಲ್ಲುಹರಳು ಬಿದ್ದಾಗಿತ್ತು, ಕೈ ಮಾತ್ರ ತೆಗೆಯಲಿಲ್ಲ.

"ಏನ್ರೀ," ಎಂದಳು ಸ್ವಲ್ಪ ಹೊತ್ತಿನ ಮೇಲೆ, "ನಿಮ್ಮ ಹೆಗಲು ಬೆಚ್ಚಗ ಆಗೇತಿ."